ಬೆಳ್ಳಿಯ ಬಲಗಾಲು

ಹೋದ ತಿಂಗಳು ಮರಿಮಗಳ ನಾಮಕರಣಕ್ಕೆ ಕಾಲ್ಗೆಜ್ಜೆ ಕೊಳ್ಳಲು ಮಗಳ ಜೊತೆ ಚಿಂತಾಮಣಿಯ ಬೆಳ್ಳಿ ಅಂಗಡಿಗೆ ಹೋಗಿದ್ದೆ. ಮಗಳು ಗೆಜ್ಜೆಯ ತೂಕ ಸಾಲದು, ಸದ್ದು ಸಾಲದು ಎಂದು ಅಂಗಡಿಯವನ ಪ್ರಾಣ ತಿನ್ನುತ್ತಿದ್ದಳು. ನಾನು ಸುಮ್ಮನೆ ಗಾಜಿನ ಪೆಟ್ಟಿಗೆಯೊಳಗೆ ಕಣ್ಣಾಡಿಸಿದೆ. ಒಂದು ತಟ್ಟೆಯಲ್ಲಿ ಹರಕೆಯ ಸಾಮಾನು ಹರಡಿದ್ದರು. ಬೆಳ್ಳಿಯ ಕಣ್ಣು, ಬೆಳ್ಳಿಯ ಕೈ, ಪುಟ್ಟ ತೊಟ್ಟಿಲು, ಅವುಗಳ ನಡುವೆ ಒಂದು ಕಾಲು. ನಾನು ಅದನ್ನೇ ನೋಡುತ್ತಿರುವುದು ಅಂಗಡಿಯವನ ಕಣ್ಣಿಗೆ ಬಿತ್ತು.

"ಹರಕೆಗಾ ಅಮ್ಮ? ಎಡಗಾಲು ಬೇಕಾ, ಬಲಗಾಲು ಬೇಕಾ? ಎರಡೂ ಇದೆ," ಎಂದ.

"ಯಾವುದೂ ಬೇಡಪ್ಪ," ಅಂದೆ. ದನಿ ಜೋರಾಯಿತೇನೋ, ಮಗಳು ತಿರುಗಿ ನೋಡಿದಳು. ಪಾಪ, ಅವನದೇನು ತಪ್ಪು? ಇದೇ ಪೇಟೆಯಲ್ಲಿ ನಮ್ಮ ಮಾವನವರು ಒಂದು ಕಾಲು ಮಾಡಿಸಿದ್ದರು. ಬಲಗಾಲು. ಆ ಕತೆಯನ್ನು ನಾನು ಮಕ್ಕಳಿಗೆ ಹೇಳಿಲ್ಲ. ಹೇಳಲು ಕೂತರೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಈ ವಯಸ್ಸಿನಲ್ಲೂ ಗೊತ್ತಾಗುವುದಿಲ್ಲ.

ಚೀನಾದವರ ಜೊತೆ ಯುದ್ಧ ಮುಗಿದ ಮರುವರ್ಷ ಅದು. ಚಿಂತಾಮಣಿಯ ನಾನು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಗೆ ಸೊಸೆಯಾಗಿ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಮನೆಯಲ್ಲಿ ಮಾವ ಬ್ಯಾಟಪ್ಪನವರು, ಅತ್ತೆ, ನನ್ನ ಯಜಮಾನರು, ಮೈದುನ ಕಿಟ್ಟಪ್ಪ. ಇವರೆಲ್ಲರಿಗಿಂತ ದೊಡ್ಡವು ಹುಳುಗಳು. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಮನುಷ್ಯರು ಬಾಡಿಗೆಗೆ ಇರುವವರು ಅಷ್ಟೆ. ಹುಳುವಿಗೆ ಸೊಪ್ಪು ಹಾಕಿದ ಮೇಲೆ ನಮಗೆ ಮುದ್ದೆ. ಒಗ್ಗರಣೆಯ ಘಾಟು ಆಗದು, ಬೀಡಿಯ ಹೊಗೆ ಆಗದು, ಹೊರಗಿನವರು ಕಾಲು ತೊಳೆಯದೆ ಹುಳುಮನೆಯ ಹೊಸಲು ದಾಟುವಂತಿಲ್ಲ.

ಕಿಟ್ಟಪ್ಪ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದ. ಓದುತ್ತಿದ್ದ ಅನ್ನುವುದು ಮರ್ಯಾದೆಯ ಮಾತು. ಒಂದು ಸಲ ಡುಮ್ಕಿ ಹೊಡೆದಾಗಿತ್ತು. ಚೆಡುಗುಡು ಆಟದಲ್ಲಿ ಮಾತ್ರ ಅವನನ್ನು ಹಿಡಿಯುವವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ನಾನು ತೆಲುಗು ಮಾತಿನ ತವರು ನೆನೆದು ಅಡುಗೆಮನೆಯಲ್ಲಿ ಅಳುತ್ತಿದ್ದರೆ ಬಾಗಿಲಿಗೆ ಬಂದು ನಿಂತು, "ಚಿಂತಾಮಣಿ ಅತ್ಗೆ, ನೀನು ಅಳೋದೂ ತೆಲುಗಲ್ಲೇನಾ?" ಎಂದು ನಗಿಸುತ್ತಿದ್ದ. ಆ ಮನೆಯಲ್ಲಿ ನನ್ನನ್ನು ಮನುಷ್ಯಳೆಂದು ಮೊದಲು ಲೆಕ್ಕಕ್ಕೆ ಹಿಡಿದವನು ಅವನೇ.

ಯುಗಾದಿ ಕಳೆದ ಮೇಲೆ ಬಲ ಮೊಣಕಾಲಿನ ಮೇಲೆ ನೋವು ಅಂದ. ಆಟದಲ್ಲಿ ಬಿದ್ದಿದ್ದಾನೆ ಅಂದುಕೊಂಡೆವು. ನೋವು ಹೋಗಲಿಲ್ಲ, ಗಂಟು ಬಂತು, ಗಂಟು ಬಿಸಿಯಾಗಿತ್ತು. ಗೌರಿಬಿದನೂರಿನ ಆಚೆ ಒಬ್ಬ ಮೂಳೆ ಕಟ್ಟುವವನಿದ್ದ. ಅವನ ಹತ್ತಿರ ಗಾಡಿ ಕಟ್ಟಿಕೊಂಡು ಹೋದರು. ಅವನು ಕೈಯಿಟ್ಟು ನೋಡಿ, ಮೂಳೆ ಜರುಗಿದೆ ಎಂದ. ಎಣ್ಣೆ ಹಚ್ಚಿ, ಇಬ್ಬರು ಕೈಕಾಲು ಅದುಮಿ ಹಿಡಿದಿರುವಾಗ, ಆ ಗಂಟನ್ನು ಮುದ್ದೆ ತಿರುವಿದ ಹಾಗೆ ತಿರುವಿದ. ಕೋಳಿಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿ ಬಳಿದು ಬಿದಿರು ದಬ್ಬೆ ಇಟ್ಟು ಬಿಗಿದು ಕಳಿಸಿದ. ವಾರಕ್ಕೊಮ್ಮೆ ಬಿಚ್ಚಿ ಮತ್ತೆ ತಿರುವಬೇಕು. ಮೂರನೆಯ ಸಲ ಗಂಟು ದೊಡ್ಡದಾಗಿದ್ದನ್ನು ಕಂಡು ಕುಡುಗೋಲು ಕಾಯಿಸಿ ಎರಡು ಬರೆ ಎಳೆದ. ಕಿಟ್ಟಪ್ಪ ಮನೆಗೆ ಬಂದಾಗ ತುಟಿ ಕಚ್ಚಿ ಕಚ್ಚಿ ಹರಿದುಕೊಂಡಿದ್ದ. ಮಾವ ಅವನ ತಲೆ ಸವರಿ, "ಗಂಡಸು ಕಣೋ ನೀನು, ಕಮಕ್ ಕಿಮಕ್ ಅನ್ಲಿಲ್ಲ," ಎಂದು ಹೆಮ್ಮೆಪಟ್ಟರು.

ಶಿಡ್ಲಘಟ್ಟದ ಸರ್ಕಾರಿ ಡಾಕ್ಟರು ಆ ಕಾಲನ್ನು ನೋಡಿದ್ದೇ, "ಇವತ್ತೇ ಬೆಂಗಳೂರಿಗೆ ಕರ್ಕೊಂಡ್ ಹೋಗಿ," ಎಂದು ಬೈದರು. ಆದರೆ ಹುಳು ಆಗ ಕೊನೆಯ ಜ್ವರದಿಂದ ಎದ್ದಿದ್ದವು. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಹುಳುವಿನ ಹಸಿವು ಕಂಡವರಿಗೇ ಗೊತ್ತು, ಮಳೆ ಹೊಡೆದಂತೆ ಸದ್ದು ಮಾಡಿಕೊಂಡು ಸೊಪ್ಪು ತಿನ್ನುತ್ತವೆ. ಆ ಹೊತ್ತಿನಲ್ಲಿ ಮನೆಯ ಯಜಮಾನ ಊರು ಬಿಡುವ ಪದ್ಧತಿ ನಮ್ಮಲ್ಲಿ ಇಲ್ಲ. "ಹುಳು ಹಣ್ಣಾಗ್ಲಿ, ಗೂಡು ಕಟ್ಲಿ, ಆಮೇಲೆ ಹೋಗಣ," ಎಂದರು ಮಾವ. ಕಿಟ್ಟಪ್ಪನೂ ತಲೆಯಾಡಿಸಿದ. ಅವನೂ ಅದೇ ಮನೆಯಲ್ಲಿ ಹುಟ್ಟಿದವನು.

ಗೂಡು ಮಾರಿದ ಮೇಲೆ ಚಿಕ್ಕ ರೈಲು ಹತ್ತಿ ಬೆಂಗಳೂರಿಗೆ ಹೊರಟೆವು. ಮಾವ, ಕಿಟ್ಟಪ್ಪ, ನಾನು. ನಾಲ್ಕಕ್ಷರ ಓದಿದವಳು, ಆಸ್ಪತ್ರೆಯಲ್ಲಿ ನಾಲಿಗೆ ಹೊರಳುತ್ತದೆ ಎಂದು ನನ್ನನ್ನು ಜೊತೆಗೆ ಹಾಕಿದರು. ದೊಡ್ಡಾಸ್ಪತ್ರೆಯಲ್ಲಿ ಕಾಲಿನ ಎಕ್ಸರೇ ತೆಗೆದರು, ಗಂಟಿನಿಂದ ಚೂರು ಕೊಯ್ದು ಪರೀಕ್ಷೆಗೆ ಕಳಿಸಿದರು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಹೇಳಿದರು.

"ಇದು ಮೂಳೆಯಲ್ಲೇ ಹುಟ್ಟಿದ ಕ್ಯಾನ್ಸರ್. ಏಟಿನಿಂದ ಬಂದದ್ದಲ್ಲ. ಇವನಂಥ ಹುಡುಗರಿಗೇ ಜಾಸ್ತಿ ಬರುತ್ತೆ. ತೊಡೆಯಿಂದ ಕೆಳಗೆ ಕಾಲು ತೆಗೀಬೇಕಾಗುತ್ತೆ."

ಮಾವ ಎದ್ದು ಹೊರಗೆ ಹೋಗಿಬಿಟ್ಟರು. ಟವಲು ಕೆಳಗೆ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ ನಮಗೇ ಮುಂದುವರಿಸಿದರು. ಆ ಮುಂದಿನ ಮಾತು ಮಾವನ ಕಿವಿಗೆ ಬೀಳಲಿಲ್ಲ. ಇಡೀ ವರ್ಷದ ಕ್ರೌರ್ಯವೆಲ್ಲ ಅದರಿಂದ ಹುಟ್ಟಿತು.

"ಆದರೆ ಈಗಲೇ ತೆಗೆಯಲ್ಲ," ಎಂದರು ಡಾಕ್ಟರು. "ಈ ಕಾಯಿಲೆ ಮೂಳೆ ಬಿಟ್ಟು ಹೊರಟರೆ ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಆಗಲೇ ಹೋಗಿದ್ದರೂ ಮೊದಮೊದಲು ಕಾಣಿಸಲ್ಲ. ಈಗ ಕಾಲು ತೆಗೆದು, ಮೂರು ತಿಂಗಳಿಗೆ ಎದೆಯಲ್ಲಿ ಕಾಣಿಸ್ಕೊಂಡರೆ, ಕಾಲೂ ಹೋಯ್ತು, ಹುಡುಗನೂ ಹೋದ. ಅದಕ್ಕೆ ಮೊದಲು ಗಂಟಿಗೆ ಕಿರಣ ಕೊಟ್ಟು ಅದನ್ನ ಅಡಗಿಸ್ತೀವಿ. ಆಮೇಲೆ ಕೆಲವು ತಿಂಗಳು ಕಾಯ್ತೀವಿ. ಎದೆ ಚೊಕ್ಕಟವಾಗಿದ್ದರೆ ಕಾಲು ತೆಗೀತೀವಿ, ಬದುಕ್ತಾನೆ."

"ಎದೇಲಿ ಕಂಡ್ರೆ?" ಕಿಟ್ಟಪ್ಪ ಕೇಳಿದ.

"ಕಂಡರೆ ಕಾಲು ತೆಗೆಯಲ್ಲಪ್ಪ. ಸುಮ್ಮನೆ ನಿನಗೆ ಯಾಕೆ ಹಿಂಸೆ."

ಹೊರಗೆ ಮಾವ ಗೋಡೆಗೆ ಮುಖ ಮಾಡಿ ಕೈ ಮುಗಿದು ನಿಂತಿದ್ದರು. ಸಂಕಟ ಬಂದಾಗ ವೆಂಕಟರಮಣ. ನಮ್ಮ ಮನೆದೇವರು ಬ್ಯಾಟರಾಯಸ್ವಾಮಿ, ಅವರ ಹೆಸರೂ ಅವನದೇ. "ನನ್ನ ಮಗನ ಕಾಲು ಉಳಿಸಿಕೊಡಪ್ಪ, ಬೆಳ್ಳಿ ಕಾಲು ಮಾಡ್ಸಿ ಹಾಕ್ತೀನಿ, ಊರಿಗೆಲ್ಲ ಊಟ ಹಾಕ್ತೀನಿ," ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಊರಿಗೆ ಬಂದ ದಿನವೇ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಗೂಡಿನಲ್ಲಿ ಮುಡಿಪಿಟ್ಟರು. ನಾನು, "ಮಾವ, ಡಾಕ್ಟ್ರು ಇನ್ನೂ ಏನೋ ಹೇಳಿದ್ರು," ಎಂದು ಬಾಯಿ ತೆರೆದೆ. "ಕತ್ತರಿಸೋ ಮಾತು ಈ ಮನೇಲಿ ಎತ್ತಬೇಡ ತಾಯಿ," ಎಂದು ಎದ್ದು ಹೋದರು. ಎರಡು ಸಲ ಪ್ರಯತ್ನಿಸಿದೆ. ಎರಡನೇ ಸಲ ಅತ್ತೆ ನನ್ನ ನಾಲಿಗೆಗೂ ಬರೆ ಹಾಕಬೇಕು ಅಂದರು.

ಕಿರಣ ಕೊಡುವುದಕ್ಕೆ ನಮ್ಮ ಕಡೆ ಕರೆಂಟು ಕೊಡುವುದು ಎನ್ನುತ್ತಾರೆ. ಅದು ಮುಗಿಯುವವರೆಗೆ ಕೆಲವು ವಾರ ಆಸ್ಪತ್ರೆಯ ಹತ್ತಿರ ಛತ್ರದಲ್ಲಿ ನಾನೂ ಅವನೂ ಇದ್ದೆವು. ಕರೆಂಟು ಕೊಡುವುದು ಕಾಲು ಉಳಿಸುವುದಕ್ಕೇ ಎಂದು ನಂಬಿ ಮಾವ ಹೋಗಿ ಬಂದು ಮಾಡುತ್ತಿದ್ದರು. ಕರೆಂಟು ಕೊಟ್ಟಲ್ಲಿ ಚರ್ಮ ಕಪ್ಪಾಯಿತು, ಸುಲಿಯಿತು, ಒಸರಿತು. ಹಳೆಯ ಬರೆಯ ಗಾಯ ಮತ್ತೆ ಬಾಯಿ ಬಿಟ್ಟಿತು. ಕಿಟ್ಟಪ್ಪ ಚಾಪೆಯ ಮೇಲೆ ಕಾಲು ನೀಡಿಕೊಂಡು, "ಇಷ್ಟೆಲ್ಲ ಮಾಡಿ ಕೊನೆಗೆ ಕತ್ತರಿಸ್ತಾರಂತೆ. ಕತ್ತರಿಸಿದ್ರೆ ನಾನು ಕೆರೆ ನೋಡ್ಕೋತೀನಿ ಕಣತ್ಗೆ," ಎನ್ನುತ್ತಿದ್ದ. ನಾನು ರೇಗುತ್ತಿದ್ದೆ.

ಅಲ್ಲಿಗೇ ಬಂದ ಖಾದರ್ ಸಾಬಿ. ಶಿಡ್ಲಘಟ್ಟದವನು, ಇದೇ ಕಾಯಿಲೆಗೆ ಹಿಂದೆ ಎಡಗಾಲು ತೆಗೆಸಿಕೊಂಡಿದ್ದ, ತೋರಿಸಿಕೊಂಡು ಹೋಗಲು ಬಂದಿದ್ದ. ಕಂಕುಳಿಗೆ ಊರುಗೋಲು, ಬಾಯಿ ತುಂಬ ಎಲೆಯಡಿಕೆ. ಕಿಟ್ಟಪ್ಪ ಅವನ ಮಡಿಸಿ ಹೊಲಿದ ಪೈಜಾಮದ ಕಾಲನ್ನೇ ನೋಡುತ್ತಿದ್ದ.

"ಏನ್ ನೋಡ್ತೀಯಾ ಬೇಟಾ?" ಎಂದ ಖಾದರ್ ಸಾಬಿ. "ಕಾಲು ಅವರಿಗೆ ಕೊಟ್ಟೆ, ಜಾನ್ ನನಗೆ ಕೊಟ್ಟರು. ಲಾಭ ನಂದೇ! ಈಗ ಗೂಡು ಬೇಯಿಸಿ ನೂಲು ಬಿಚ್ತೀನಿ. ತೊಟ್ಟಿ ಮುಂದೆ ಕೂತು ಎಳೆ ಹಿಡಿಯೋಕೆ ಕೈ ಬೇಕು, ಕಾಲು ಯಾಕೆ? ನನಗೆ ಮದುವೆ ಆಗಿ ಒಂದು ಮಗೂನೂ ಆಯ್ತು."

ಮರುದಿನ ಬೆಳಿಗ್ಗೆ ಕಿಟ್ಟಪ್ಪ, "ಅತ್ಗೆ, ನೂಲು ಬಿಚ್ಚೋದು ಕಲಿಯೋಕೆ ಎಷ್ಟು ದಿನ ಬೇಕು?" ಎಂದು ಕೇಳಿದ. ಅಲ್ಲಿಂದ ಅವನಿಗೆ ಒಂದೇ ಆಸೆ. ಕಾಲು ಕತ್ತರಿಸಬೇಕು. ಎದೆ ಚೊಕ್ಕಟವಿರಬೇಕು, ಡಾಕ್ಟರು ಕತ್ತಿ ಎತ್ತಬೇಕು, ತಾನು ಖಾದರ್ ಸಾಬಿಯ ಪಕ್ಕ ತೊಟ್ಟಿಯ ಮುಂದೆ ಕೂರಬೇಕು. ಅಪ್ಪ ದೇವರ ಹತ್ತಿರ ಕಾಲು ಬೇಡುತ್ತಿದ್ದರು. ಮಗ ಅದೇ ಕಾಲು ಹೋಗಲಿ ಎಂದು ಬೇಡುತ್ತಿದ್ದ.

ಊರಿಗೆ ಬಂದಾಗ ಮಳೆಗಾಲ, ಹೊಸ ಹುಳುಗಳ ಬೆಳೆ ಶುರುವಾಗಿತ್ತು. ಹುಟ್ಟಿದಾಗಿನಿಂದ ಕಿಟ್ಟಪ್ಪ ಮಲಗುತ್ತಿದ್ದದ್ದು ಹುಳುಮನೆಯ ಪಕ್ಕದಲ್ಲೇ. ಅತ್ತೆ ಅವನ ಚಾಪೆಯನ್ನು ಜಗುಲಿಗೆ ಹಾಕಿದರು. ಮೈಯಲ್ಲಿ ಆಸ್ಪತ್ರೆಯ ಔಷಧದ ವಾಸನೆ, ಹುಳು ಸೊಪ್ಪು ಮುಟ್ಟುವುದಿಲ್ಲ ಎಂದರು. ಹೆತ್ತ ತಾಯಿ. ಹಾಗಂತ ಕಲ್ಲೆದೆಯವರಲ್ಲ, ಜಗುಲಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು, ಆಮೇಲೆ ಸೀರೆ ಬದಲಿಸಿ ಹುಳುಮನೆಗೆ ಹೋಗುತ್ತಿದ್ದರು. ಕಿಟ್ಟಪ್ಪ ನನ್ನ ಕಡೆ ನೋಡಿ ಕಣ್ಣು ಹೊಡೆದ. "ನಾನೂ ಹುಳ ಆಗಿ ಹುಟ್ಟಿದ್ರೆ ಒಳಗೆ ಬಿಟ್ಕೊಳ್ತಿದ್ರು," ಎಂದ.

ಹಿತ್ತಲಲ್ಲಿ ಯಾರೂ ಇಲ್ಲದಾಗ ಬಲಗಾಲನ್ನು ಮಡಿಸಿ ಟವಲಿನಿಂದ ತೊಡೆಗೆ ಕಟ್ಟಿಕೊಂಡು, ಬಿದಿರು ಗಳ ಊರಿಕೊಂಡು, ಒಂಟಿಕಾಲಿನಲ್ಲಿ ನಡೆಯುವುದನ್ನು ಕಲಿಯತೊಡಗಿದ. ಬೆಂದ ಚರ್ಮ ಹಾಗೆ ಮಡಿಸಿದರೆ ಎಷ್ಟು ನೋಯುತ್ತದೆಂದು ಅವನ ಹಣೆ ನೋಡಿದರೆ ತಿಳಿಯುತ್ತಿತ್ತು. ಬಾವಿಯಿಂದ ತೊಟ್ಟಿಯವರೆಗೆ ಬೀಳದೆ ಬಂದ ದಿನ ನನ್ನನ್ನು ಕೂಗಿ ಕರೆದ. ನಾನು ಹೋಗುವಷ್ಟರಲ್ಲಿ ಮಾವ ಬಂದಿದ್ದರು.

"ಏನೋ ಇದು? ಎರಡು ಕಾಲಿಟ್ಕೊಂಡು ಕುಂಟೋ ಆಟ ಆಡ್ತೀಯಾ? ದೇವರು ನೋಡ್ತಾ ಇರ್ತಾನೆ ಕಣೋ!"

"ಕಲಿತಿರ್ತೀನಪ್ಪ. ಮುಂದೆ ಬೇಕಾಗುತ್ತೆ."

ಮಾವ ಗಳವನ್ನು ಕಿತ್ತುಕೊಂಡು ತಮ್ಮ ಮೊಣಕಾಲಿಗೆ ಕೊಟ್ಟು ಮುರಿದರು. ಕಿಟ್ಟಪ್ಪ ಆಸರೆ ತಪ್ಪಿ ನೆಲಕ್ಕೆ ಬಿದ್ದ. ಬಿದ್ದ ಮಗನನ್ನು ಎತ್ತುವ ಮೊದಲು ಅವರು ಮುರಿದ ತುಂಡುಗಳನ್ನು ಒಲೆಗೆ ಹಾಕಿ ಬಂದರು, ಅಪಶಕುನ ಮನೆಯಲ್ಲಿ ಇರಬಾರದೆಂದು. ಆಮೇಲೆ ಅವನನ್ನು ಎತ್ತಿ ಜಗುಲಿಯಲ್ಲಿ ಕೂರಿಸಿ ತಾವೂ ಪಕ್ಕದಲ್ಲಿ ಕೂತು ಅತ್ತರು.

ಮೊದಲ ಸಲ ತೋರಿಸಲು ಹೋದಾಗ ಎದೆಯ ಚಿತ್ರ ಚೊಕ್ಕಟವಿತ್ತು. ಎರಡನೇ ಸಲವೂ ಇತ್ತು. ಗಂಟು ಕುಗ್ಗಿ ಗಟ್ಟಿಯಾಗಿತ್ತು, ನೋವು ಅರ್ಧ ಇಳಿದಿತ್ತು. ಡಾಕ್ಟರು ಕಿಟ್ಟಪ್ಪನ ಬೆನ್ನು ತಟ್ಟಿ, "ಮುಂದಿನ ಸಲವೂ ಹೀಗೇ ಇದ್ದರೆ ತಯಾರಾಗಿ ಬಾ," ಎಂದರು. ರೈಲಿನಲ್ಲಿ ಅವನು ನಂದಿ ಬರುವವರೆಗೂ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಊರುಗೋಲು ಯಾವ ಮರದ್ದು ಮಾಡಿಸಬೇಕು, ಶಿಡ್ಲಘಟ್ಟದಲ್ಲಿ ಎಲ್ಲಿ ರೂಮು ಹಿಡಿಯಬೇಕು, ತನ್ನ ನೂಲಿಗೆ ಎಷ್ಟು ಹೊಳಪಿರುತ್ತದೆ. ಎದುರಿಗೆ ಕೂತ ಮಾವನಿಗೆ ಮಾತು ಕೇಳಿಸುತ್ತಿರಲಿಲ್ಲ, ಮಗನ ಉತ್ಸಾಹ ಕಂಡು ಮುಡಿಪಿನ ಫಲ ಎಂದು ಮುಗುಳ್ನಗುತ್ತಿದ್ದರು.

ಮೂರನೇ ಸಲಕ್ಕೆ ಮೊದಲು ಕೆಮ್ಮು ಶುರುವಾಗಿತ್ತು. ಮಾಗಿಯ ಚಳಿ, ಜಗುಲಿಯ ಗಾಳಿ ಅಂದೆವು. ಡಾಕ್ಟರು ಚಿತ್ರವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಾವ ಬಾಗಿಲಲ್ಲೇ ನಿಂತಿದ್ದರು, ಓಡಿಹೋಗಲು ತಯಾರಾಗಿ. ಡಾಕ್ಟರು ಚಿತ್ರ ಕೆಳಗಿಟ್ಟು, "ಕಾಲು ತೆಗೆಯೋದು ಬೇಡ," ಎಂದರು.

ಮಾವ ಓಡಿ ಬಂದು ಅವರ ಕಾಲಿಗೆ ಬಿದ್ದರು. ಅರವತ್ತರ ಮನುಷ್ಯ, ಊರಿನ ಯಜಮಾನ, ಆ ಬೂಟುಗಳನ್ನು ಕಣ್ಣಿಗೆ ಒತ್ತಿಕೊಂಡು, "ನೀವೇ ದೇವರು ಸ್ವಾಮಿ, ನೀವೇ ಬ್ಯಾಟರಾಯ," ಎಂದು ಬಿಕ್ಕಿದರು. ಡಾಕ್ಟರು ನನ್ನ ಮುಖ ನೋಡಿದರು. ಮಾವ ಎದ್ದು, ಛತ್ರದ ಹತ್ತಿರ ತೆಂಗಿನಕಾಯಿ ಒಡೆದು ಬರುತ್ತೇನೆಂದು ಹೋದ ಮೇಲೆ ಕಿಟ್ಟಪ್ಪ ಕೇಳಿದ.

"ಎದೆಗೆ ಬಂತಾ ಸಾರ್?"

"ಬಂದಿದೆಯಪ್ಪ. ಎರಡೂ ಕಡೆ."

"ಈಗ ಕತ್ತರಿಸಿದ್ರೆ?"

"ಪ್ರಯೋಜನ ಇಲ್ಲ."

ಅವನು ಸ್ವಲ್ಪ ಹೊತ್ತು ತನ್ನ ಕಾಲನ್ನೇ ನೋಡಿದ. ನಾನು ಅಂಥ ದ್ವೇಷದ ನೋಟವನ್ನು ಆಮೇಲೆ ಯಾರ ಕಣ್ಣಲ್ಲೂ ಕಂಡಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, "ಅಪ್ಪನಿಗೆ ಹೇಳ್ಬೇಡ ಅತ್ಗೆ. ಅವನು ನಕ್ಕು ಎಷ್ಟು ದಿನ ಆಗಿತ್ತು. ಅವನು ಅಳ್ತಾ ಕೂತ್ರೆ ನಾನು ಎಲ್ಲಿ ಹೋಗಿ ಅಳ್ಲಿ?" ಎಂದ. ಊರಿಗೆ ಬಂದು ಯಜಮಾನರಿಗೆ ಮಾತ್ರ ಹೇಳಿದೆ. ಅವರು ಸೊಪ್ಪಿನ ತೋಟಕ್ಕೆ ಹೋಗಿ ಕತ್ತಲಾಗುವವರೆಗೆ ಬರಲಿಲ್ಲ. ತಮ್ಮನ ಮಾತು ಮೀರಲು ಅವರಿಗೂ ಆಗಲಿಲ್ಲ.

ಮಾವ ಚಿಂತಾಮಣಿಗೆ ಹೋಗಿ ಅಕ್ಕಸಾಲಿಗನ ಮುಂದೆ ದಿನವಿಡೀ ಕೂತು ಬೆಳ್ಳಿ ಕಾಲು ಮಾಡಿಸಿಕೊಂಡು ಬಂದರು. ಗೇಣುದ್ದದ ಬಲಗಾಲು. ಕಿಟ್ಟಪ್ಪನ ಬಲಗಾಲಿನ ಕಿರುಬೆರಳು ಹುಟ್ಟಿನಿಂದಲೇ ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಅದನ್ನೂ ಹಾಗೇ ಮಾಡಿಸಿದ್ದರು. "ನೋಡೋ, ನಿನ್ನ ಬೆರಳೇ!" ಎಂದು ಅವನ ಕೈಗೆ ಕೊಟ್ಟರು. ಕಿಟ್ಟಪ್ಪ ತಿರುಗಿಸಿ ತಿರುಗಿಸಿ ನೋಡಿದ. "ಗಂಟೊಂದು ಬಿಟ್ಟು ಎಲ್ಲಾ ಸರಿಯಾಗಿ ಮಾಡಿದಾನೆ," ಎಂದ. ಮಾವ ಹೊಟ್ಟೆ ತುಂಬ ನಕ್ಕರು.

ದೇವಸ್ಥಾನದ ಮೆಟ್ಟಿಲು ಹತ್ತಲು ಅವನಿಗೆ ಉಸಿರು ಸಾಲಲಿಲ್ಲ. ಮಾವ ಅವನನ್ನು ಕೂಸುಮರಿ ಮಾಡಿಕೊಂಡು ಹೊತ್ತರು. ಅಷ್ಟೆತ್ತರದ ಹುಡುಗ ಆ ಮುದುಕನ ಬೆನ್ನ ಮೇಲೆ ಎಷ್ಟು ಹಗುರವಾಗಿದ್ದಾನೆಂದು ಹೊತ್ತವರಿಗೇ ಅರ್ಥವಾಗಲಿಲ್ಲ. "ಎರಡು ಕಾಲಿರೋ ಮಗನ್ನ ಹೊರೋದೂ ಒಂದು ಭಾಗ್ಯ," ಎಂದು ಎದುರು ಬಂದವರಿಗೆಲ್ಲ ಹೇಳಿದರು. ಕಿಟ್ಟಪ್ಪ ತನ್ನ ಕೈಯಿಂದಲೇ ಕಾಲನ್ನು ಹುಂಡಿಗೆ ಹಾಕಿದ. ಅದು ಒಳಗೆ ಬಿದ್ದ ಸದ್ದು ಕೇಳಿ ಮಾವ ಕೈ ಮುಗಿದರು, ನಾನು ಮುಗಿಯಲಿಲ್ಲ.

ಊಟಕ್ಕೆ ಊರೇ ಬಂತು. ಬಂದವರೆಲ್ಲ ಅವನ ಕಾಲನ್ನು ಮುಟ್ಟಿ, ಅದುಮಿ, "ಉಳೀತು ನೋಡು," ಎಂದು ಹೋದರು. ಗಂಟು ಅಷ್ಟರಲ್ಲಿ ಮತ್ತೆ ಬೆಳೆಯತೊಡಗಿತ್ತು. ಪ್ರತಿ ಕೈಗೂ ಅವನು ಹಲ್ಲು ಕಚ್ಚಿ ನಗುತ್ತಿದ್ದ. ಅತ್ತೆಯ ತಮ್ಮ ಒಬ್ಬರು ಒಬ್ಬಟ್ಟು ಮುರಿಯುತ್ತಾ, "ಕಾಲಿನದೊಂದೇ ಅನುಮಾನ ಇತ್ತು. ಇನ್ನೇನು, ನಮ್ಮ ಹುಡುಗೀನ ಕೊಡ್ತೀವಿ," ಅಂದರು. ಮಾವ ಆಗಲಿ ಎಂದು ಎಲೆಯಡಿಕೆ ಕೊಟ್ಟೇಬಿಟ್ಟರು. ಕಿಟ್ಟಪ್ಪ ಕೆಮ್ಮನ್ನು ಟವಲಿನಲ್ಲಿ ಅಡಗಿಸಿಕೊಂಡ. ಟವಲನ್ನು ನಾನೇ ಇಸಿದುಕೊಂಡು ಒಗೆದೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರೆ. ಸುಳ್ಳು. ಮಾವ ಬಗೆದದ್ದನ್ನೇ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ, ದೈವವೂ ಬಗೆದಿತ್ತು.

ಮರುಯುಗಾದಿಯನ್ನು ಅವನು ಕಾಣಲಿಲ್ಲ. ಕೊನೆಕೊನೆಗೆ ಮಲಗಲು ಆಗದೆ ಕಂಬಕ್ಕೆ ಒರಗಿ ಕೂತೇ ಉಸಿರೆಳೆಯುತ್ತಿದ್ದ. ಕಾಲು ಒಳ್ಳೆ ಕುಂಬಳಕಾಯಿಯಷ್ಟು ಊದಿತ್ತು, ಹೊದಿಕೆ ತಗುಲಿದರೂ ಕೂಗುತ್ತಿದ್ದ. ಅವನು ಹೋದ ದಿನ ಒಳಗೆ ಹುಳು ಹಣ್ಣಾಗಿ ಚಂದ್ರಿಕೆಯ ಬಿದಿರು ತಟ್ಟಿಗಳ ಮೇಲೆ ಗೂಡು ಕಟ್ಟುತ್ತಿದ್ದವು, ಜೋರಾಗಿ ಅಳಬೇಡಿರೆಂದು ಯಾರೋ ಮುದುಕಿ ಹೇಳಿದಳು. ಮದುವೆಯಾಗದ ಹುಡುಗ, ಮಣ್ಣು ಮಾಡಿದರು. ಎರಡು ಕಾಲೂ ಜೊತೆಗೇ ಹೋದವು.

ತಿಥಿ ಮುಗಿದ ಮೇಲೆ ಮಾವ ನನ್ನನ್ನು ಜಗುಲಿಗೆ ಕರೆದರು. "ಆ ಡಾಕ್ಟ್ರು ಮೊದಲನೇ ದಿನ ಏನಂದ್ರು, ನಾನು ಎದ್ದು ಹೋದ ಮೇಲೆ? ಈಗ ಹೇಳಮ್ಮ," ಎಂದರು. ಹೇಳಿದೆ. ಚೊಕ್ಕಟವಿದ್ದರೆ ಕತ್ತರಿಸುತ್ತಾರೆ, ಇಲ್ಲದಿದ್ದರೆ ಬಿಡುತ್ತಾರೆ ಎನ್ನುವುದನ್ನು ಎರಡು ಸಲ ಹೇಳಿಸಿಕೊಂಡರು. ಬಿದಿರು ಗಳ ಯಾಕೆ ಎನ್ನುವುದನ್ನೂ ಕೇಳಿದರು, ಹೇಳಿದೆ. ಎದ್ದು ಹಿತ್ತಲಿಗೆ ಹೋದರು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ, ಬರಲು ಬಹಳ ವರ್ಷ ಬೇಕಾಯಿತು.

ಮುಂದಿನ ಮಳೆಗಾಲದಲ್ಲಿ ಎದುರು ಮನೆಯ ನಂಜಮ್ಮ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಮಗುವಿನ ಕಣ್ಣೊಳಗೆ ಏನೋ ಬೆಳ್ಳಗೆ ಗಂಟಾಗಿತ್ತು, ಕಣ್ಣು ಕೀಳಬೇಕು ಅಂದಿದ್ದರಂತೆ. "ಅಣ್ಣಯ್ಯ, ನಿನ್ನ ಹರಕೆ ಸ್ವಾಮಿ ಕೇಳಿಸ್ಕೊಂಡ. ನಾನೂ ಬೆಳ್ಳಿ ಕಣ್ಣು ಹೊತ್ಕೊಳ್ಳಲಾ?" ಎಂದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ.

ಮಾವ ಸೊಪ್ಪು ಹೆಚ್ಚುತ್ತಿದ್ದರು. ಕತ್ತಿ ನಿಲ್ಲಿಸಿ ಮಗುವನ್ನು ಹತ್ತಿರ ಕರೆದು ಅದರ ಮುಖ ಸವರಿದರು.

"ಸ್ವಾಮಿ ಕೊಡ್ತಾನಮ್ಮ. ಏನು ಕೇಳಿದ್ರೆ ಅದನ್ನೇ ಕೊಡ್ತಾನೆ. ನಾನು ಕಾಲು ಕೇಳ್ದೆ, ಕಾಲು ಕೊಟ್ಟ," ಎಂದರು. "ನೀನು ಕಣ್ಣು ಕೇಳ್ಬೇಡ. ಮಗೂನ ಕೇಳು."